ತುರಹಳ್ಳಿ: ಕಾಡು ಕಾಡಾಗಿಯೇ ಉಳಿದ ಕಥೆ

2021ರ ಜನವರಿಯಲ್ಲಿ ಬೆಂಗಳೂರಿನ ದಕ್ಷಿಣದ ಅಂಚಿಗೆ ಎರಡು ಸುದ್ದಿಗಳು ಒಟ್ಟಿಗೇ ಬಂದವು. ಕನಕಪುರ ರಸ್ತೆಯಲ್ಲಿ ಮೆಟ್ರೊ ರೈಲು ರೇಷ್ಮೆ ಸಂಸ್ಥೆಯವರೆಗೂ ಓಡತೊಡಗಿತು. ಅದೇ ದಿನಗಳಲ್ಲಿ, ಅಲ್ಲಿಗೆ ಹತ್ತಿರದ ತುರಹಳ್ಳಿ ಅರಣ್ಯದ ಒಂದು ಭಾಗವನ್ನು ಟ್ರೀ ಪಾರ್ಕ್ ಮಾಡುವ ಅರಣ್ಯ ಇಲಾಖೆಯ ಯೋಜನೆ ಸುದ್ದಿಯಾಯಿತು. ಸುತ್ತಲಿನ ಬಡಾವಣೆಗಳ ಜನ ಕಾಡಿನ ಬಳಿ ಸೇರಿ, ನಮಗೆ ಪಾರ್ಕ್ ಬೇಡ ಎಂದರು.

ಉದ್ಯಾನ ನಗರಿಯ ಜನ ಉದ್ಯಾನವನ್ನೇ ಬೇಡವೆನ್ನುವ ಹಂತಕ್ಕೆ ಬಂದದ್ದು ದಿಢೀರನೆ ಅಲ್ಲ. ಐನೂರು ಎಕರೆಗೂ ಮಿಕ್ಕಿದ ಈ ಕುರುಚಲು ಕಾಡು ಒಂದು ಕಾಲಕ್ಕೆ ಊರಾಚೆಯ ಜಾಗ. ಹಳ್ಳಿಯವರು ದನ, ಕುರಿ ಮೇಯಿಸಿದರು. ಬಳಿಕ ಒಂದಷ್ಟು ಭಾಗದಲ್ಲಿ ನೀಲಗಿರಿ ನೆಡುತೋಪು ಬಂತು. ಶಿಲಾರೋಹಣ ಕಲಿಯುವವರು ಇಲ್ಲಿನ ಬಂಡೆಗಳನ್ನು ಹುಡುಕಿಕೊಂಡು ಬಂದರು. ಬನಶಂಕರಿ ಆರನೇ ಹಂತ ಬೆಳೆದು ಕಾಡಿನ ಪಕ್ಕಕ್ಕೇ ಬಂದಾಗ ಸೈಕಲ್ ಸವಾರರು, ಹಕ್ಕಿ ನೋಡುವವರು, ಬೆಳಗಿನ ನಡಿಗೆಯವರು ಜೊತೆಯಾದರು. ಪಾಳುಬಿದ್ದ ಜಾಗ ಎನಿಸಿದ್ದದ್ದು ಹೀಗೆ ದಿನವೂ ಜನ ನಡೆದಾಡಿ 'ನಮ್ಮ ಕಾಡು' ಆಯಿತು.

ಅವರ ವಿರೋಧಕ್ಕೆ ಗಟ್ಟಿ ಕಾರಣವಿತ್ತು. ಗೌಜಲಹಕ್ಕಿಯನ್ನೇ ನೋಡಿ. ಅದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಮುಳ್ಳುಪೊದೆಯ ಬುಡದಲ್ಲಿ ನೆಲ ಕೆದಕಿ, ಒಣಹುಲ್ಲಿನ ನಡುವೆ ಮೊಟ್ಟೆ ಇಡುತ್ತದೆ. ಪಾರ್ಕ್‌ಗೆಂದು ಪೊದೆ ಸವರಿ, ಕಲ್ಲುಹಾಸಿನ ದಾರಿ ಮಾಡಿ, ದೀಪ ಹಾಕಿದರೆ ಮರಗಳೆಲ್ಲ ಹಾಗೇ ನಿಂತಿರಬಹುದು, ಹಕ್ಕಿ ಉಳಿಯುವುದಿಲ್ಲ. ಮರಗಳನ್ನಷ್ಟೇ ಲೆಕ್ಕ ಹಾಕಿದರೆ ಈ ನಷ್ಟ ಕಾಣುವುದೇ ಇಲ್ಲ. ಹುಲ್ಲು, ಪೊದೆ, ಹುತ್ತ, ಬಂಡೆಗುಳಿಯಲ್ಲಿ ನಿಂತ ಮಳೆನೀರು ಎಲ್ಲವೂ ಸೇರಿಯೇ ಕಾಡು.

ಪ್ರತಿಭಟನೆ ಬಲವಾದಾಗ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳನ್ನು ಪ್ರೀತಿಸಿದ ಊರು, ನೆಟ್ಟು ಬೆಳೆಸಿದ ಹಸಿರು ಬೇರೆ, ತಾನಾಗಿ ಬೆಳೆದ ಹಸಿರು ಬೇರೆ ಎಂದು ಇಲ್ಲಿ ಗಟ್ಟಿಯಾಗಿ ಹೇಳಿತು. ನನ್ನ ಮಟ್ಟಿಗೆ ಇದು ದೊಡ್ಡ ತಿಳಿವಳಿಕೆ.

ಆದರೆ ಕಾಡು ಉಳಿಸಿಕೊಂಡವರ ಹೊಣೆ ಅಲ್ಲಿಗೆ ಮುಗಿಯುವುದಿಲ್ಲ. ಬಾಟಲಿ, ಪ್ಲಾಸ್ಟಿಕ್, ಬೇಸಿಗೆಯ ಬೆಂಕಿ ಯಾವ ಯೋಜನೆಗೂ ಕಡಿಮೆಯಿಲ್ಲದ ಹಾನಿ ಮಾಡುತ್ತವೆ. ನಿಮ್ಮ ಮನೆಯ ಹತ್ತಿರ ಇಂಥ ಕಾಡಿದ್ದರೆ ಹೋಗಿ ನೋಡಿ. ಕಾಲುದಾರಿ ಬಿಡಬೇಡಿ, ಬೆಂಕಿ ಹಚ್ಚಬೇಡಿ, ಒಯ್ದದ್ದನ್ನೆಲ್ಲ ವಾಪಸ್ ತನ್ನಿ. ಅದನ್ನು ಚೆಂದಗೊಳಿಸಲು ಯಾರಾದರೂ ಬಂದರೆ, ಪೊದೆಗಳನ್ನು ಏನು ಮಾಡುತ್ತೀರಿ ಎಂದು ಮೊದಲು ಕೇಳಿ.