ಲಾರಿಯವನ ತಗಡಿನ ಪೆಟ್ಟಿಗೆ

ಹಾವೇರಿ ಜಿಲ್ಲೆಯ ಮಾಸೂರೆಂದರೆ ವಾಚಕರಿಗೆ ಕುಮುದ್ವತಿಯ ನೀರನ್ನು ತಡೆದು ನಿಲ್ಲಿಸಿದ ಮದಗದ ಕೆರೆ ನೆನಪಾದೀತು. ನನಗೆ ಮಾತ್ರ ಆ ಊರಿನ ಹೆಸರು ಕೇಳಿದೊಡನೆ ಒಂದು ತಗಡಿನ ಪೆಟ್ಟಿಗೆಯ ನೆನಪಾಗುತ್ತದೆ.

ಸುಗ್ಗಿಯ ಒಂದು ಮುಂಜಾನೆ, ಗೋವಿನಜೋಳ ಹೇರಿಕೊಂಡ ಲಾರಿಯೊಂದು ಅಲ್ಲಿಯ ಚಹದಂಗಡಿಯೆದುರು ನಿಂತಿತ್ತು. ಮಾಲೀಕನೂ ಅವನೇ, ಚಾಲಕನೂ ಅವನೇ. ದೇವರ ಪಟದ ಕೆಳಗಿದ್ದ ಪೆಟ್ಟಿಗೆಯನ್ನು ತೆರೆದು ಅವನು ಕಾಗದಗಳನ್ನು ಒಂದೊಂದಾಗಿ ನೋಡುತ್ತಿದ್ದ. ಇಷ್ಟೇಕೆಂದು ಕೇಳಿದೆ. ರೈತನಿಗೆ ಪಹಣಿ ಹೇಗೋ ತನಗೆ ಇವು ಹಾಗೆ ಎಂದು ನಕ್ಕ.

ಆ ಕಾಗದಗಳಾದರೂ ಯಾವುವು? ಮೊದಲನೆಯದು ನೋಂದಣಿ ಪತ್ರ. ಹಾವೇರಿಯಲ್ಲಿ ನೋಂದಾಯಿಸಿದ ವಾಹನಕ್ಕೆ ಕೆಎ-27 ಎಂಬ ಗುರುತು, ಬಾಡಿಗೆಯ ವಾಹನವಾದುದರಿಂದ ಹಳದಿಯ ಫಲಕ. ಎರಡನೆಯದು ಯೋಗ್ಯತಾಪತ್ರ, ಲಾರಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಅದನ್ನು ನವೀಕರಿಸಬೇಕು. ವಿಮೆ, ತೆರಿಗೆಯ ರಸೀತಿ, ಹೊಗೆ ತಪಾಸಣೆಯ ಪತ್ರ, ಚಾಲಕನ ಪರವಾನಗಿ ಇವು ಬೇರೆ. ಇವೆಲ್ಲಕ್ಕೂ ಕಿರೀಟಪ್ರಾಯವಾದುದು ಪರ್ಮಿಟ್ಟು, ಅಂದರೆ ರಹದಾರಿ. ಸರಕು ಸೇರಿ ಒಟ್ಟು ತೂಕ ಮೂರು ಸಾವಿರ ಕಿಲೋ ಮೀರದ ಸಣ್ಣ ಗಾಡಿಗಳಿಗೆ ಅದರಿಂದ ವಿನಾಯಿತಿ.

ರಹದಾರಿಯ ಅರ್ಥವನ್ನು ಮಾಸೂರಿನಷ್ಟು ಚೆನ್ನಾಗಿ ಅರಿತ ಊರುಗಳು ವಿರಳ. 1956ರ ಅಕ್ಟೋಬರ್ 31ರವರೆಗೆ ಅದು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ತೆಂಕಣ ದಿಕ್ಕಿನ ನೆರೆಯ ಶಿಕಾರಿಪುರವಾದರೋ ಮೈಸೂರು ರಾಜ್ಯದ್ದು. ಎರಡೂ ಕಡೆ ಒಂದೇ ನುಡಿ, ಒಂದೇ ಬೀಗತನ. ಆದರೆ 1939ರ ಮೋಟಾರು ವಾಹನ ಕಾಯಿದೆಯಂತೆ, ಒಂದು ರಾಜ್ಯ ಕೊಟ್ಟ ರಹದಾರಿ ಮತ್ತೊಂದು ರಾಜ್ಯದಲ್ಲಿ ನಡೆಯಬೇಕಾದರೆ ಅಲ್ಲಿಯ ಅಧಿಕಾರಿಗಳ ಮೇಲುಸಹಿ ಬೇಕಾಗಿತ್ತು. ಹೆಣ್ಣನ್ನು ತರಲು ಅಡ್ಡಬಾರದ ಗಡಿ, ಹತ್ತಿಯ ಅಂಡಿಗೆಗೆ ಅಡ್ಡಬರುತ್ತಿತ್ತು! ನವೆಂಬರ್ ಒಂದರಂದು ನಾಡು ಒಂದಾಯಿತು, ಗಡಿಯೂ ಅಳಿಸಿಹೋಯಿತು.

ದೂರದ ಗಡಿಗಳು ಇಷ್ಟು ಬೇಗ ಕರಗಲಿಲ್ಲ. 1975ರಲ್ಲಿ ರಾಷ್ಟ್ರೀಯ ರಹದಾರಿ ಬಂದರೂ, ಮಾಲೀಕನು ಆಯ್ದುಕೊಂಡ ರಾಜ್ಯಗಳಿಗಷ್ಟೇ ಅದು ಸಲ್ಲುತ್ತಿತ್ತು. ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಹಣ ತೆರಬೇಕಾಗಿತ್ತು. 2010ರ ಮೇ ತಿಂಗಳಿಂದ ಒಂದೇ ಸಂಯುಕ್ತ ಶುಲ್ಕ ಕಟ್ಟಿ ದೇಶವನ್ನೆಲ್ಲ ಸುತ್ತಬಹುದಾಯಿತು. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಮಾರಾಟ ತೆರಿಗೆಯ ಗಡಿಠಾಣೆಗಳೂ ಎದ್ದುಹೋದವು.

ಹಾಗಾದರೆ ಈ ಕಾಗದಗಳು ಸರ್ಕಾರದ ಕಪ್ಪಕಾಣಿಕೆಯ ಲೆಕ್ಕವಷ್ಟೆ ಎನ್ನೋಣವೆ? ಖಂಡಿತ ಅಲ್ಲ. ರಹದಾರಿಯಿಲ್ಲದ ವಾಹನ ಅಪಘಾತಕ್ಕೀಡಾದಾಗ ಏನಾಗುವುದೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸ್ಪಷ್ಟಪಡಿಸಿತು. ಅಂಥ ಸಂಚಾರ ಕಾನೂನಿನ ಮೂಲಭೂತ ಉಲ್ಲಂಘನೆ. ನೊಂದವರಿಗೆ ವಿಮಾ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ಮಾಲೀಕನಿಂದ ವಸೂಲು ಮಾಡಬಹುದು. ಅನೇಕ ಲಕ್ಷಗಳ ಆ ಹೊರೆ ಒಂದೇ ಲಾರಿಯನ್ನು ನಂಬಿದ ಸಂಸಾರದ ಮೇಲೆ ಬಿದ್ದರೆ ಮಾರಲು ಲಾರಿಯೂ ಉಳಿಯದು, ಇರಲು ಮನೆಯೂ ಉಳಿಯದು. ಯೋಗ್ಯತಾಪತ್ರದ ಮಾತೂ ಅಷ್ಟೆ. ಅದು ಬ್ರೇಕು ಹಿಡಿಯುವುದೆಂಬ ಭಾಷೆ. ಶಾಲೆಗೆ ಹೋಗುವ ನಮ್ಮ ಮಕ್ಕಳು ರಸ್ತೆಯ ಅಂಚಿನಲ್ಲಿ ನಡೆಯುವುದು ಆ ಭಾಷೆಯನ್ನು ನಂಬಿಯೇ.

ಈಗ ಈ ಕಾಗದಗಳನ್ನು ಮೊಬೈಲಿನಲ್ಲಿಯೇ ತೋರಿಸಬಹುದು. ಆದರೂ ಆ ಲಾರಿಯವನು ಪೆಟ್ಟಿಗೆಯನ್ನು ಬಿಟ್ಟಿಲ್ಲ. ಕೊನೆಯ ಕಾಗದವನ್ನು ಮಡಿಚಿಟ್ಟು, ಕಣ್ಣಿಗೊತ್ತಿಕೊಂಡು, ಶಿಕಾರಿಪುರದ ದಾರಿ ಹಿಡಿದ. ಎಂದೋ ಎರಡು ರಾಜ್ಯಗಳು ಎದುರುಬದುರಾಗಿ ನಿಂತಿದ್ದ ಆ ಎಲ್ಲೆಯನ್ನು ಅವನ ಲಾರಿ ವೇಗವನ್ನೂ ತಗ್ಗಿಸದೆ ದಾಟಿಹೋಗಿರಬೇಕು.