ಒಂಟಿಗಣ್ಣಿನ ಕುರಿಮರಿಗಳು

ಅಮೆರಿಕದ ಐಡಾಹೊ ಸಂಸ್ಥಾನದ ಬೆಟ್ಟದ ಮೇವುಗಾವಲುಗಳಲ್ಲಿ 1950ರ ದಶಕದಲ್ಲಿ, ಮುಖದ ನಟ್ಟನಡುವೆ ಒಂದೇ ಕಣ್ಣುಳ್ಳ ಮರಿಗಳು ಮೇಲಿಂದ ಮೇಲೆ ಹುಟ್ಟಿ ಕುರಿಗಾಹಿಗಳನ್ನು ಕಂಗೆಡಿಸಿದಾಗ, ಕಾರಣವನ್ನರಸಿ ಹೊರಟ ಸರ್ಕಾರಿ ಕೃಷಿವಿಜ್ಞಾನಿಗಳು ವರ್ಷಗಟ್ಟಲೆ ಹಿಂಡುಗಳ ಜಾಡು ಹಿಡಿದು, ಕಟ್ಟಕಡೆಗೆ ಕಾರ್ನ್ ಲಿಲಿ ಎಂಬ ಕಾಡುಗಿಡದ ಬಳಿಗೆ ಬಂದು ನಿಂತರು. ಗಬ್ಬದ 14ನೆಯ ದಿನದಂದು ತಾಯಿಕುರಿ ಅದನ್ನು ಮೇದರೆ ಮರಿಗೆ ಈ ವಿಕೃತಿ ಸಂಭವಿಸುತ್ತಿತ್ತು. ಗಿಡದೊಳಗಿನ ವಿಷಕ್ಕೆ ಸೈಕ್ಲೊಪಮೀನ್ ಎಂದು ಹೆಸರಾಯಿತಾದರೂ, ಅದು ಭ್ರೂಣದಲ್ಲಿ ಕೆಡಿಸಿದ್ದೇನೆಂಬುದು ಬಹುಕಾಲ ನಿಗೂಢವಾಗಿಯೇ ಉಳಿಯಿತು.

ಉತ್ತರದ ಎಳೆ ಸಿಕ್ಕಿದ್ದು ಹಣ್ಣುನೊಣದಲ್ಲಿ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಇವರು ನೊಣದ ಅಂಗವಿನ್ಯಾಸವನ್ನು ನಿಯಂತ್ರಿಸುವ ಜೀನ್‌ಗಳನ್ನು ಹುಡುಕಿ 1980ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 'ಹೆಡ್ಜ್‌ಹಾಗ್' ಎಂಬುದೊಂದಿತ್ತು. ಅದರ ಬಂಧುವಾದ 'ಸಾನಿಕ್ ಹೆಡ್ಜ್‌ಹಾಗ್' 1993ರಲ್ಲಿ ಕಶೇರುಕಗಳಲ್ಲಿಯೂ ದೊರೆಯಿತು. ಇದು ಒಂದು ಜೀವಕೋಶ ಸ್ರವಿಸಿ ನೆರೆಯ ಕೋಶಗಳಿಗೆ ಕಳುಹುವ ಸಂದೇಶ. ಭ್ರೂಣದ ಶಿರೋಭಾಗದಲ್ಲಿ ಕಣ್ಣಾಗಲಿರುವ ಕೋಶಗಳು ಮೊದಲು ಅಖಂಡವಾದ ಒಂದೇ ಕ್ಷೇತ್ರವಾಗಿರುತ್ತವೆ. ಕೆಳಗಿನಿಂದ ಈ ಸಂದೇಶ ಬಂದು ಮುಟ್ಟಿದಾಗ ನಡುವಣ ಕೋಶಗಳು ಕಣ್ಣಾಗುವುದನ್ನು ತೊರೆಯುವುದರಿಂದಲೇ ಎಡಬಲಗಳೆಂಬ ಎರಡು ಕಣ್ಣುಗಳು ಮೈದಳೆಯುತ್ತವೆ. ನಮ್ಮೆಲ್ಲರ ಮುಖವೂ ಅಷ್ಟೊಂದು ಸೂಕ್ಷ್ಮವಾದ ಆ ಗಳಿಗೆಗೆ ಋಣಿಯೆಂಬುದನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ.

ಸಂದೇಶವನ್ನು ಕೋಶ ಗ್ರಹಿಸುವ ಕ್ರಮವೂ ವಿಶಿಷ್ಟವಾದುದು. ಕೋಶದ ಅಂಚಿನಲ್ಲಿರುವ ಪ್ಯಾಚ್ಡ್ ಎಂಬ ಪ್ರೋಟೀನು ಸ್ಮೂದನ್ಡ್ ಎಂಬ ಇನ್ನೊಂದನ್ನು, ಕಾವಲುಗಾರನಂತೆ, ಸದಾ ತಡೆದಿರಿಸಿರುತ್ತದೆ. ಹೆಡ್ಜ್‌ಹಾಗ್ ಬಂದು ಪ್ಯಾಚ್ಡ್‌ಗೆ ಅಂಟಿಕೊಂಡೊಡನೆ ಆ ತಡೆ ಸಡಿಲಿ, ಆಜ್ಞೆ ಕೋಶಕೇಂದ್ರದ ಜೀನ್‌ಗಳನ್ನು ತಲುಪುತ್ತದೆ. ಐಡಾಹೊದ ವಿಷ ಸ್ಮೂದನ್ಡ್‌ಅನ್ನೇ ನಿಶ್ಚೇಷ್ಟಗೊಳಿಸಿ, ಸಂದೇಶ ಬಂದರೂ ಬಾರದಂತೆ ಮಾಡಿಬಿಡುತ್ತಿತ್ತು.

ಇದಕ್ಕೆ ವಿಪರೀತವಾಗಿ, ಬೆಳೆದ ಮನುಷ್ಯನ ಚರ್ಮದ ಕೋಶವೊಂದರಲ್ಲಿ ಪ್ಯಾಚ್ಡ್ ಕೆಟ್ಟುಹೋದರೆ, ಯಾರೂ ಕಳುಹದ ಸಂದೇಶವನ್ನು ಕೇಳುತ್ತಿರುವಂತೆ ಆ ಕೋಶ ಎಡೆಬಿಡದೆ ವಿಭಜಿಸತೊಡಗುತ್ತದೆ. ಬೇಸಲ್ ಸೆಲ್ ಕಾರ್ಸಿನೋಮ ಎಂಬ ಚರ್ಮದ ಕ್ಯಾನ್ಸರಿನ ಮೂಲ ಬಹುಪಾಲು ಇದೇ. ಸ್ಮೂದನ್ಡ್‌ಅನ್ನು ತಡೆಯುವ ವಿಸ್ಮೊಡೆಗಿಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ದೊರೆತು, ಶಸ್ತ್ರಕ್ರಿಯೆಗೆ ಎಟುಕದ ಗಡ್ಡೆಗಳೂ ಅದರಿಂದ ಕುಗ್ಗಿದುದುಂಟು. ಆದರೆ ಅದನ್ನು ಸೇವಿಸುವವರಲ್ಲಿ ಅನೇಕರ ಕೂದಲು ಉದುರುತ್ತದೆ, ನಾಲಗೆಯ ರುಚಿ ಕುಂದುತ್ತದೆ. ಏಕೆಂದರೆ ಕೂದಲ ಬುಡವೂ ರುಚಿಮೊಗ್ಗುಗಳೂ ಆಯುಷ್ಯವಿಡೀ ತಮ್ಮನ್ನು ನವೀಕರಿಸಿಕೊಳ್ಳಲು ಭ್ರೂಣಕಾಲದ ಈ ಸಂದೇಶವನ್ನೇ ನೆಚ್ಚಿಕೊಂಡಿವೆ. ಗರ್ಭಿಣಿಯರಿಗಂತೂ ಆ ಔಷಧ ಸಂಪೂರ್ಣ ನಿಷಿದ್ಧ.