ಸಾಂಕ್ರಾಮಿಕದ ಮೊದಲ ವಾರಗಳು: ನಿರ್ಬಂಧ ಎಷ್ಟು ಬೇಗ?

ಹೊಸ ಸಾಂಕ್ರಾಮಿಕ ರೋಗವೊಂದು ದೇಶದೊಳಗೆ ಕಾಲಿಟ್ಟಾಗ ಜನರ ಓಡಾಟ, ಸಭೆ, ವ್ಯಾಪಾರ, ಶಾಲೆಗಳ ಮೇಲೆ ನಿರ್ಬಂಧ ಹೇರಬೇಕೇ ಎಂಬುದಕ್ಕಿಂತ ಅದನ್ನು ಯಾವಾಗ ಹೇರಬೇಕು ಎಂಬ ಪ್ರಶ್ನೆ ಹೆಚ್ಚು ಕಠಿಣವಾದದ್ದು. ರೋಗಿಗಳು ಬೆರಳೆಣಿಕೆಯಷ್ಟಿರುವಾಗಲೇ ಅಂಗಡಿ ಮುಚ್ಚಿಸುವ ಸರ್ಕಾರ ಅತಿರೇಕದ ಆರೋಪಕ್ಕೆ ಗುರಿಯಾಗುತ್ತದೆ. ಆಸ್ಪತ್ರೆಗಳು ತುಂಬುವವರೆಗೆ ಕಾದ ಸರ್ಕಾರಕ್ಕೆ ಜನರ ಒಪ್ಪಿಗೆ ಸುಲಭವಾಗಿ ಸಿಗುತ್ತದಾದರೂ ಅಷ್ಟು ಹೊತ್ತಿಗೆ ನಿರ್ಬಂಧದ ಪ್ರಯೋಜನದ ಬಹುಪಾಲು ಕೈತಪ್ಪಿರುತ್ತದೆ. ಈ ಇಕ್ಕಟ್ಟು 2020ರ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನಲ್ಲಿ ಬಯಲಿಗೆ ಬಂದಷ್ಟು ಸ್ಪಷ್ಟವಾಗಿ ಬೇರೆಡೆ ಬಂದದ್ದು ವಿರಳ. ಅಲ್ಲಿ ವಿಜ್ಞಾನಿಗಳೇ ವಿಜ್ಞಾನಿಗಳಿಗೆ ಎದುರಾಗಿ ನಿಂತರು, ಎರಡೂ ಕಡೆಯವರ ಕೈಯಲ್ಲಿ ಗಣಿತವಿತ್ತು, ಸರ್ಕಾರಕ್ಕೆ ಸಲಹೆ ನೀಡಿದ ಸಭೆಗಳ ಟಿಪ್ಪಣಿಗಳು ಮುಂದೆ ಪ್ರಕಟವಾದವು, ಹೀದರ್ ಹ್ಯಾಲೆಟ್ ಅವರ ಅಧ್ಯಕ್ಷತೆಯ ವಿಚಾರಣಾ ಆಯೋಗವು ಆ ದಿನಗಳ ನಿರ್ಧಾರಗಳನ್ನು ಒಂದೊಂದಾಗಿ ಪರಿಶೀಲಿಸಿತು.

ಈ ಚರ್ಚೆಯ ತಳದಲ್ಲಿ ಎರಡು ಅಳತೆಗಳಿವೆ. ಒಂದು ದ್ವಿಗುಣ ಅವಧಿ, ಅಂದರೆ ಸೋಂಕಿತರ ಸಂಖ್ಯೆ ಇಮ್ಮಡಿಯಾಗಲು ಹಿಡಿಯುವ ದಿನಗಳು. ಇನ್ನೊಂದು ಸೋಂಕು ತಗಲಿದ ದಿನಕ್ಕೂ ಅದರ ಪರಿಣಾಮ ಸರ್ಕಾರದ ಲೆಕ್ಕಕ್ಕೆ ಬರುವ ದಿನಕ್ಕೂ ನಡುವಿನ ಅಂತರ. ಕೋವಿಡ್ ಸೋಂಕು ತಗಲಿದ ಸುಮಾರು ಐದು ದಿನಗಳಿಗೆ ಲಕ್ಷಣಗಳು ತೋರುತ್ತಿದ್ದವು, ಸಾವಿನಲ್ಲಿ ಕೊನೆಗಾಣುವ ಪ್ರಕರಣಗಳಲ್ಲಿ ಅಲ್ಲಿಂದ ಮುಂದೆ ಮತ್ತೆ ಎರಡು, ಎರಡೂವರೆ ವಾರ ಹಿಡಿಯುತ್ತಿತ್ತು. ಹಾಗಾಗಿ ಇಂದು ವರದಿಯಾದ ಸಾವು ತಿಳಿಸುವುದು ಸುಮಾರು ಮೂರು ವಾರಗಳ ಹಿಂದಿನ ಸ್ಥಿತಿಯನ್ನು. ಸೋಂಕಿತರಲ್ಲಿ ನೂರಕ್ಕೆ ಒಬ್ಬರು ಸಾಯುತ್ತಾರೆಂದು ಇಟ್ಟುಕೊಂಡರೆ, ಒಂದು ಸಾವು ವರದಿಯಾದಾಗ ಮೂರು ವಾರಗಳ ಹಿಂದೆಯೇ ನೂರು ಮಂದಿಗೆ ಸೋಂಕು ತಗಲಿತ್ತು ಎಂದಾಯಿತು. ಸೋಂಕು ಐದು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದರೆ ಆ ನೂರು ಈ ವೇಳೆಗೆ ಸುಮಾರು 1,800 ಆಗಿರುತ್ತದೆ. ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಿದ್ದರೆ ಏಳು ಸಲ ಇಮ್ಮಡಿಸಿ 12,800ಕ್ಕೆ ಮುಟ್ಟಿರುತ್ತದೆ. ಪತ್ರಿಕೆಯಲ್ಲಿ ಕಾಣುವ ಸುದ್ದಿ ಎರಡೂ ಸಂದರ್ಭಗಳಲ್ಲಿ ಒಂದೇ, ಒಂದು ಸಾವು. ನಿರ್ಧಾರವನ್ನು ಇನ್ನೊಂದು ವಾರ ಮುಂದಕ್ಕೆ ಹಾಕಿದರೆ ಮೊದಲ ಸಂದರ್ಭದಲ್ಲಿ ಸೋಂಕು ಎರಡೂವರೆ ಪಟ್ಟಿಗಿಂತ ತುಸು ಹೆಚ್ಚು ಬೆಳೆಯುತ್ತದೆ, ಎರಡನೆಯದರಲ್ಲಿ ಐದು ಪಟ್ಟು. ಇಂಥ ಏರಿಕೆಗೆ ಘಾತೀಯ ಬೆಳವಣಿಗೆ ಎನ್ನುತ್ತಾರೆ, ಮತ್ತು ಮನುಷ್ಯನ ಸಹಜ ಅಂದಾಜು ಇದರ ಮುಂದೆ ಸದಾ ಹಿಂದೆ ಬೀಳುತ್ತದೆ.

ಬ್ರಿಟನ್ನಿನಲ್ಲಿ ಮೊದಲ ಎರಡು ಪ್ರಕರಣಗಳು 2020ರ ಜನವರಿ 31ರಂದು ದೃಢಪಟ್ಟವು. ಫೆಬ್ರವರಿ ಮಧ್ಯದ ಶಾಲಾ ರಜೆಯಲ್ಲಿ ಸಾವಿರಾರು ಕುಟುಂಬಗಳು ಯುರೋಪಿನ ಪ್ರವಾಸ ಮುಗಿಸಿ ಮರಳಿದವು. ವೈರಸ್‌ನ ಜೀನೋಮ್ ಅಧ್ಯಯನಗಳು ಮುಂದೆ ತೋರಿಸಿದಂತೆ ಸೋಂಕು ಆ ದೇಶಕ್ಕೆ ಒಂದೇ ಬಾಗಿಲಿನಿಂದ ಬಂದಿರಲಿಲ್ಲ, ಮುಖ್ಯವಾಗಿ ಸ್ಪೇನ್, ಫ್ರಾನ್ಸ್, ಇಟಲಿಗಳಿಂದ ಸಾವಿರಕ್ಕೂ ಹೆಚ್ಚು ಬಾರಿ ಬೇರೆಬೇರೆಯಾಗಿ ಒಳಬಂದಿತ್ತು. ಮಾರ್ಚ್ 9ರಂದು ಇಟಲಿ ದೇಶವಿಡೀ ಲಾಕ್‌ಡೌನ್ ಘೋಷಿಸಿತು. ಮರುದಿನ ಚೆಲ್ಟನ್‌ಹ್ಯಾಮ್‌ನಲ್ಲಿ ನಾಲ್ಕು ದಿನಗಳ ಕುದುರೆ ಪಂದ್ಯಾವಳಿ ಎಂದಿನಂತೆ ಆರಂಭವಾಗಿ ಒಟ್ಟು ಸುಮಾರು 2.5 ಲಕ್ಷ ಪ್ರೇಕ್ಷಕರನ್ನು ಸೆಳೆಯಿತು. ಮಾರ್ಚ್ 11ರಂದು, ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಕರೆದ ದಿನವೇ, ಲಿವರ್‌ಪೂಲ್‌ನ ಆ್ಯನ್‌ಫೀಲ್ಡ್ ಕ್ರೀಡಾಂಗಣದಲ್ಲಿ 50,000ಕ್ಕೂ ಹೆಚ್ಚು ಮಂದಿ ಫುಟ್‌ಬಾಲ್ ಪಂದ್ಯ ನೋಡಿದರು, ಅವರಲ್ಲಿ ಸುಮಾರು 3,000 ಮಂದಿ ಆಗಲೇ ಸೋಂಕು ಹರಡಿದ್ದ ಮ್ಯಾಡ್ರಿಡ್ ನಗರದ ತಂಡದ ಅಭಿಮಾನಿಗಳು. ಮಾರ್ಚ್ 12ರಂದು ಅಧಿಕೃತ ಪ್ರಕರಣಗಳು 590 ಇದ್ದವು. ಸರ್ಕಾರದ ಮುಖ್ಯ ವೈಜ್ಞಾನಿಕ ಸಲಹೆಗಾರ ಪ್ಯಾಟ್ರಿಕ್ ವ್ಯಾಲೆನ್ಸ್ ನಿಜವಾದ ಸೋಂಕಿತರು 5,000ದಿಂದ 10,000ದಷ್ಟಿರಬಹುದು ಎಂದರು. ಅದೇ ದಿನ ಸಮುದಾಯದಲ್ಲಿ ಪರೀಕ್ಷೆ ನಡೆಸುವುದನ್ನು ನಿಲ್ಲಿಸಲಾಯಿತು. ಕೆಮ್ಮು, ಜ್ವರ ಇದ್ದವರು ಏಳು ದಿನ ಮನೆಯಲ್ಲಿರಬೇಕೆಂಬ ಸಲಹೆಯ ಹೊರತು ದೊಡ್ಡ ನಿರ್ಬಂಧ ಯಾವುದೂ ಬರಲಿಲ್ಲ.

ಕಾಯಬೇಕೆಂದವರ ವಾದವನ್ನು ಉಡಾಫೆಯೆಂದು ತಳ್ಳಿಹಾಕಿದರೆ ಆ ಚರ್ಚೆ ಅರ್ಥವಾಗುವುದಿಲ್ಲ. ಸೋಂಕಿತ ವ್ಯಕ್ತಿಯೊಬ್ಬ ಸರಾಸರಿ ಎರಡೂವರೆ ಮಂದಿಗೆ ರೋಗ ದಾಟಿಸುತ್ತಾನೆಂದಾದರೆ, ಜನಸಂಖ್ಯೆಯ ಶೇ 60ರಷ್ಟು ಮಂದಿಯಲ್ಲಿ ಪ್ರತಿರೋಧ ಬೆಳೆದ ಮೇಲೆ ಒಬ್ಬನಿಂದ ರೋಗ ಪಡೆಯುವವರು ಸರಾಸರಿ ಒಬ್ಬರಿಗಿಳಿದು ಸಾಂಕ್ರಾಮಿಕ ತಾನಾಗಿ ಕುಗ್ಗಲಾರಂಭಿಸುತ್ತದೆ. ಈ ಸ್ಥಿತಿಯೇ ಸಮೂಹ ರೋಗನಿರೋಧಕತೆ, ಪತ್ರಿಕೆಗಳ ಮಾತಿನಲ್ಲಿ ಹರ್ಡ್ ಇಮ್ಯೂನಿಟಿ. ಲಸಿಕೆ ಯಾವಾಗ ಬರುವುದೆಂದು ಯಾರಿಗೂ ತಿಳಿಯದಿದ್ದಾಗ, ಈಗ ಸೋಂಕನ್ನು ಪೂರ್ತಿ ಅದುಮಿಟ್ಟರೆ ನಿರ್ಬಂಧ ಸಡಿಲಿಸಿದ ಕೂಡಲೇ, ಅದೂ ಆಸ್ಪತ್ರೆಗಳಿಗೆ ಕಷ್ಟಕಾಲವಾದ ಚಳಿಗಾಲದಲ್ಲಿ, ಅದು ಮತ್ತೆ ಪುಟಿದೇಳುತ್ತದೆ ಎಂಬ ಭಯ ನಿಜವಾದದ್ದೇ. ಜೊತೆಗೆ, ಜನರು ನಿರ್ಬಂಧವನ್ನು ಕೆಲವೇ ವಾರ ಸಹಿಸಬಲ್ಲರು, ಬೇಗ ಹೇರಿದರೆ ಅತಿ ಅಗತ್ಯದ ಸಮಯಕ್ಕೆ ಅವರು ದಣಿದಿರುತ್ತಾರೆ ಎಂಬ ಅಭಿಪ್ರಾಯವೂ ಅಧಿಕಾರಿಗಳ ಬಾಯಲ್ಲಿತ್ತು. ಇವೆಲ್ಲದರ ಹಿಂದೆ 2011ರಲ್ಲಿ ಸಿದ್ಧವಾದ ಸಾಂಕ್ರಾಮಿಕ ಯೋಜನೆಯಿತ್ತು. ಅದು ಇನ್‌ಫ್ಲುಯೆಂಜಾ ಜ್ವರಕ್ಕಾಗಿ ಬರೆದದ್ದು, ರೋಗ ಹರಡುವುದನ್ನು ತಡೆಯಲು ಸಾಧ್ಯವೆಂದು ಅದು ಎಣಿಸಿರಲೇ ಇಲ್ಲ.

ಎದುರಾಳಿಗಳು ಹಿಡಿದದ್ದು ಇದೇ ಲೆಕ್ಕದ ಮುಂದಿನ ಸಾಲನ್ನು. ಬ್ರಿಟನ್ನಿನ ಸುಮಾರು 6.6 ಕೋಟಿ ಜನರಲ್ಲಿ ಶೇ 60 ಎಂದರೆ ನಾಲ್ಕು ಕೋಟಿ, ಅದರಲ್ಲಿ ನೂರಕ್ಕೆ ಒಬ್ಬರೆಂದರೆ ನಾಲ್ಕು ಲಕ್ಷ ಸಾವು. ಇಂಗ್ಲೆಂಡಿನಲ್ಲಿ ವಯಸ್ಕರ ತೀವ್ರ ನಿಗಾ ಘಟಕದ ಹಾಸಿಗೆಗಳೋ ಸುಮಾರು 4,000. ಮಾರ್ಚ್ 14ರಂದು ಇನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಕಠಿಣ ಕ್ರಮಗಳನ್ನು ತಡಮಾಡದೆ ಕೈಗೊಳ್ಳಬೇಕೆಂದು ಬಹಿರಂಗ ಪತ್ರ ಬರೆದರು. ಜನರು ದಣಿಯುತ್ತಾರೆಂಬ ಮಾತಿಗೆ ಪುರಾವೆ ಎಲ್ಲಿದೆಯೆಂದು ನೂರಾರು ವರ್ತನಾ ವಿಜ್ಞಾನಿಗಳು ಇನ್ನೊಂದು ಪತ್ರದಲ್ಲಿ ಕೇಳಿದರು; ಅವರ ಪ್ರಶ್ನೆ ಎಷ್ಟು ಸರಿಯಾಗಿತ್ತೆಂಬುದನ್ನು ಮುಂದೆ ತಿಂಗಳುಗಟ್ಟಲೆ ನಿಯಮ ಪಾಲಿಸಿದ ಬ್ರಿಟಿಷ್ ಜನತೆಯೇ ತೋರಿಸಿಕೊಟ್ಟಿತು. ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ನೀಲ್ ಫರ್ಗುಸನ್ ಮತ್ತು ಸಂಗಡಿಗರ ವರದಿ ಹೊರಬಿತ್ತು. ಏನೂ ಮಾಡದಿದ್ದರೆ ಗ್ರೇಟ್ ಬ್ರಿಟನ್ನಿನಲ್ಲಿ 5.1 ಲಕ್ಷ ಸಾವು ಸಂಭವಿಸಬಹುದು, ಸೋಂಕಿನ ವೇಗ ತಗ್ಗಿಸುವ ಸೌಮ್ಯ ಕ್ರಮಗಳಿಂದ ಅದನ್ನು ಸುಮಾರು ಅರ್ಧಕ್ಕಿಳಿಸಬಹುದೇ ಹೊರತು ಆಸ್ಪತ್ರೆಗಳು ಆ ಭಾರವನ್ನೂ ತಾಳಲಾರವು ಎಂಬುದು ಅದರ ತಿರುಳು.

ಆದರೆ ಆ ವಾರಗಳ ಅತಿ ದೊಡ್ಡ ತಪ್ಪು ತತ್ತ್ವದ್ದಲ್ಲ, ಅಳತೆಯದ್ದು. ಸರ್ಕಾರಕ್ಕೆ ಸಲಹೆ ನೀಡುತ್ತಿದ್ದ ಸೇಜ್ ಎಂಬ ವಿಜ್ಞಾನಿಗಳ ಗುಂಪು ದ್ವಿಗುಣ ಅವಧಿ ಐದಾರು ದಿನಗಳೆಂದು ನಂಬಿತ್ತು; ವಾಸ್ತವದಲ್ಲಿ ಅದು ಮೂರು ದಿನಗಳ ಹತ್ತಿರವಿತ್ತು. ಇಟಲಿಗಿಂತ ಒಂದು ತಿಂಗಳಷ್ಟು ಹಿಂದಿದ್ದೇವೆಂದುಕೊಂಡವರು ನಿಜಕ್ಕೂ ಎರಡು ವಾರಗಳಷ್ಟೇ ಹಿಂದಿದ್ದರು, ಮತ್ತು ಸಮುದಾಯದಲ್ಲಿ ಪರೀಕ್ಷೆಯನ್ನೇ ನಿಲ್ಲಿಸಿದ್ದರಿಂದ ಈ ತಪ್ಪು ತಾನಾಗಿ ಕಣ್ಣಿಗೆ ಬೀಳುವ ದಾರಿಯೂ ಮುಚ್ಚಿತ್ತು. ಅನಾವಶ್ಯಕ ಸಂಪರ್ಕ ಬೇಡವೆಂಬ ಸಲಹೆ ಮಾರ್ಚ್ 16ರಂದು ಬಂದು, 20ರಂದು ಶಾಲೆ ಮತ್ತು ಪಬ್‌ಗಳು ಮುಚ್ಚಿ, ಮಾರ್ಚ್ 23ರ ರಾತ್ರಿ ಪ್ರಧಾನಿ ಬೋರಿಸ್ ಜಾನ್ಸನ್ ಪೂರ್ಣ ಲಾಕ್‌ಡೌನ್ ಘೋಷಿಸುವ ಹೊತ್ತಿಗೆ ವರದಿಯಾದ ಸಾವುಗಳು 335 ಆಗಿದ್ದವು. ಒಂದು ವಾರ ಮೊದಲೇ ಹೀಗೆ ಮಾಡಿದ್ದರೆ ಸಾವುಗಳು ಕನಿಷ್ಠ ಅರ್ಧಕ್ಕಿಳಿಯುತ್ತಿದ್ದವೆಂದು ಫರ್ಗುಸನ್ ಜೂನ್‌ನಲ್ಲಿ ಸಂಸದೀಯ ಸಮಿತಿಯ ಮುಂದೆ ಹೇಳಿದರು. 2025ರ ನವೆಂಬರ್‌ನಲ್ಲಿ ಹ್ಯಾಲೆಟ್ ಆಯೋಗವು ಮಾರ್ಚ್ 16ರಂದೇ ಲಾಕ್‌ಡೌನ್ ಆಗಿದ್ದರೆ ಇಂಗ್ಲೆಂಡೊಂದರಲ್ಲೇ ಮೊದಲ ಅಲೆಯ ಸುಮಾರು 23,000 ಸಾವುಗಳು ತಪ್ಪುತ್ತಿದ್ದವೆಂಬ ಅಂದಾಜನ್ನು ಮುಂದಿಟ್ಟಿತು. ಅದಕ್ಕಿಂತಲೂ ಮುಖ್ಯವಾಗಿ, ಸೌಮ್ಯ ನಿರ್ಬಂಧಗಳು ಇನ್ನೂ ಬೇಗ ಬಂದಿದ್ದರೆ ಪೂರ್ಣ ಲಾಕ್‌ಡೌನ್ ಬೇಕಾಗದೆಯೂ ಹೋಗಬಹುದಿತ್ತು ಎಂದಿತು. ಈ ಅಂದಾಜಿಗೆ ಆಕ್ಷೇಪವಿಲ್ಲದಿಲ್ಲ. ಸಾವಿನ ದಿನಾಂಕಗಳಿಂದ ಹಿಂದಕ್ಕೆ ಲೆಕ್ಕ ಹಾಕಿದ ಸಂಖ್ಯಾಶಾಸ್ತ್ರಜ್ಞ ಸೈಮನ್ ವುಡ್, ಮಾರ್ಚ್ 23ಕ್ಕೆ ಮೊದಲೇ ಜನರು ತಾವಾಗಿ ಓಡಾಟ ತಗ್ಗಿಸಿದ್ದರಿಂದ ಸೋಂಕು ಇಳಿಮುಖವಾಗಿತ್ತೆಂದು ವಾದಿಸಿದ್ದಾರೆ. ಅವರ ಮಾತು ಸರಿಯಿದ್ದರೆ ಕಾನೂನಿನ ಪಾತ್ರ ಕಿರಿದಾಗುತ್ತದೆ ನಿಜ, ಆದರೆ ಜನರ ಸಂಪರ್ಕ ಬೇಗ ಕಡಿಮೆಯಾದಷ್ಟೂ ಜೀವ ಉಳಿಯುತ್ತದೆಂಬ ಮೂಲ ಲೆಕ್ಕಕ್ಕೆ ಅದರಿಂದ ಧಕ್ಕೆಯಿಲ್ಲ.

ಈ ಲೆಕ್ಕಕ್ಕೆ ನೂರು ವರ್ಷ ಹಿಂದಿನ ಆಧಾರವೂ ಇತ್ತು. 1918ರ ಇನ್‌ಫ್ಲುಯೆಂಜಾ ಅಮೆರಿಕದ ಫಿಲಡೆಲ್ಫಿಯಾಕ್ಕೆ ಬಂದಾಗ ನಗರಾಡಳಿತವು ಸೆಪ್ಟೆಂಬರ್ 28ರಂದು ಯುದ್ಧಸಾಲದ ಪ್ರಚಾರಕ್ಕಾಗಿ ಸುಮಾರು 2 ಲಕ್ಷ ಜನ ಸೇರಿದ ಮೆರವಣಿಗೆಗೆ ಅವಕಾಶ ಕೊಟ್ಟಿತು, ಮೊದಲ ಪ್ರಕರಣಗಳು ಕಂಡ ಎರಡು ವಾರಗಳ ಮೇಲೆ, ಅಕ್ಟೋಬರ್ 3ರಂದು, ಶಾಲೆ, ಚರ್ಚು, ರಂಗಮಂದಿರಗಳನ್ನು ಮುಚ್ಚಿತು. ಸೇಂಟ್ ಲೂಯಿಸ್‌ನಲ್ಲಿ ಆರೋಗ್ಯಾಧಿಕಾರಿ ಮ್ಯಾಕ್ಸ್ ಸ್ಟಾರ್ಕ್‌ಲಾಫ್ ಮೊದಲ ಪ್ರಕರಣಗಳು ವರದಿಯಾದ ಎರಡು ದಿನಗಳಲ್ಲೇ, ವ್ಯಾಪಾರಿಗಳ ವಿರೋಧದ ನಡುವೆ, ಅವನ್ನೆಲ್ಲ ಮುಚ್ಚಿಸಿದರು. 2007ರಲ್ಲಿ ಹ್ಯಾಚೆಟ್, ಮೆಕರ್, ಲಿಪ್ಸಿಚ್ ಎಂಬ ಮೂವರು ನಡೆಸಿದ ವಿಶ್ಲೇಷಣೆಯಂತೆ ಸಾವು ತುತ್ತತುದಿಗೇರಿದ ವಾರದಲ್ಲಿ ಪ್ರತಿ ಲಕ್ಷ ಜನಸಂಖ್ಯೆಗೆ ಫಿಲಡೆಲ್ಫಿಯಾದಲ್ಲಿ 257, ಸೇಂಟ್ ಲೂಯಿಸ್‌ನಲ್ಲಿ 31 ಹೆಚ್ಚುವರಿ ಸಾವುಗಳಾಗಿದ್ದವು. ಹೆಚ್ಚುವರಿ ಸಾವು ಎಂದರೆ ಸಾಮಾನ್ಯ ವರ್ಷದಲ್ಲಿ ನಿರೀಕ್ಷಿತವಾದುದಕ್ಕಿಂತ ಮೀರಿದ್ದು. ಇಪ್ಪತ್ತನಾಲ್ಕು ವಾರಗಳ ಒಟ್ಟು ಲೆಕ್ಕದಲ್ಲಿ ಇವು 719 ಮತ್ತು 347 ಆಗಿ, ಎರಡು ನಗರಗಳ ನಡುವಿನ ಅನುಪಾತ ತಗ್ಗುತ್ತದೆ. ನವೆಂಬರ್‌ನಲ್ಲಿ ಸೇಂಟ್ ಲೂಯಿಸ್ ನಿರ್ಬಂಧ ಸಡಿಲಿಸಿದಾಗ ಸೋಂಕು ಮತ್ತೆ ಏರಿದ್ದೇ ಅದಕ್ಕೆ ಕಾರಣ. ಕಾಯಬೇಕೆಂದವರ ಎರಡನೇ ಅಲೆಯ ಭಯಕ್ಕೆ ಬುಡವಿತ್ತು. ಆದರೆ ಆ ಎರಡನೇ ಅಲೆಯನ್ನೂ ಸೇರಿಸಿ ಎಣಿಸಿದಾಗಲೂ ಬೇಗ ಮುಚ್ಚಿದ ನಗರದಲ್ಲಿ ಸತ್ತವರು ಅರ್ಧಕ್ಕೂ ಕಡಿಮೆ ಎಂಬುದನ್ನು ಅವರು ಗಮನಿಸಬೇಕಿತ್ತು.

ಇಷ್ಟಿದ್ದೂ ಬೇಗ ಎಂಬ ಪಕ್ಷ ಸಾರ್ವಜನಿಕ ಚರ್ಚೆಯಲ್ಲಿ ಪ್ರತಿಸಲವೂ ಸೋಲುವುದಕ್ಕೆ ಆ ಪಕ್ಷದ ಗೆಲುವಿನ ಸ್ವರೂಪವೇ ಕಾರಣ. ನಿರ್ಬಂಧ ಫಲಿಸಿದರೆ ಅನಾಹುತ ಆಗುವುದಿಲ್ಲ, ಅನಾಹುತ ಆಗದಿದ್ದರೆ ನಿರ್ಬಂಧವೇ ಬೇಕಿರಲಿಲ್ಲವೆಂದು ತೋರುತ್ತದೆ. ಮುಚ್ಚಿದ ಅಂಗಡಿಯ ನಷ್ಟವನ್ನು ರೂಪಾಯಿಯಲ್ಲಿ ಎಣಿಸಬಹುದು, ಸಾಯದೆ ಉಳಿದವರು ಯಾರೆಂದು ಯಾರೂ ಹೆಸರಿಸಲಾರರು. ಹೀಗಾಗಿ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರಿಗೆ ಸಿಗುವ ಬೆಂಬಲ, ದಂಡು ದೂರದಲ್ಲಿರುವಾಗಲೇ ಬಾಗಿಲು ಹಾಕಿದವರಿಗೆ ಸಿಗುವುದಿಲ್ಲ.

ಬೇಗ ಎನ್ನುವುದೊಂದೇ ಸಾಕೆಂದು ಇದರರ್ಥವಲ್ಲ. ಸ್ವೀಡನ್ ಲಾಕ್‌ಡೌನ್ ಮಾಡದೆ ಸಭೆಗಳ ಗಾತ್ರಕ್ಕೆ ಮಿತಿ ಹಾಕಿ, ಹದಿನಾರು ವರ್ಷ ಮೀರಿದವರ ತರಗತಿಗಳನ್ನಷ್ಟೇ ಆನ್‌ಲೈನ್‌ಗೆ ಒಯ್ದು, ಉಳಿದದ್ದನ್ನು ಜನರ ವಿವೇಕಕ್ಕೆ ಬಿಟ್ಟಿತು. 2020ರ ವಸಂತದಲ್ಲಿ ಅಲ್ಲಿನ ಸಾವಿನ ಪ್ರಮಾಣ ನೆರೆಯ ನಾರ್ವೆಯದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಆದರೂ ಮೂರು ವರ್ಷಗಳ ಒಟ್ಟು ಹೆಚ್ಚುವರಿ ಸಾವಿನಲ್ಲಿ ಅದು ಯುರೋಪಿನ ಕನಿಷ್ಠ ಹಾನಿಯ ದೇಶಗಳ ಸಾಲಿನಲ್ಲಿದೆ. ಭಾರತದ ಅನುಭವ ಇನ್ನೂ ನೋವಿನದು. ದೇಶದ ಮೊದಲ ಕೋವಿಡ್ ಸಾವು ಕಲಬುರಗಿಯಲ್ಲಿ ದೃಢಪಟ್ಟ ಮರುದಿನವೇ, ಮಾರ್ಚ್ 13ರಂದು, ಕರ್ನಾಟಕ ಸರ್ಕಾರ ಮಾಲ್, ಚಿತ್ರಮಂದಿರ, ಪಬ್‌ಗಳನ್ನು ಒಂದು ವಾರ ಮುಚ್ಚುವ ಆದೇಶ ಹೊರಡಿಸಿತು. ಬ್ರಿಟನ್ ಅದೇ ಹೆಜ್ಜೆ ಇಡುವುದಕ್ಕೆ ಮುನ್ನ ಇಲ್ಲಿ ಒಂದು ವಾರ ಕಳೆದಿತ್ತು. ಈ ನಿರ್ಧಾರ ಸೌಮ್ಯವೂ ಸಕಾಲಿಕವೂ ಆಗಿತ್ತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾಗಿ ನಾಲ್ಕು ಗಂಟೆಗಳಲ್ಲಿ ಜಾರಿಯಾದ ದೇಶವ್ಯಾಪಿ ಲಾಕ್‌ಡೌನ್ ಕೂಡ ಸುಮಾರು 500 ಪ್ರಕರಣಗಳಿದ್ದಾಗಲೇ ಬಂದದ್ದು. ಆದರೆ ದಿನಗೂಲಿಯವರು ಮರುದಿನ ಏನು ಉಣ್ಣಬೇಕು, ವಲಸೆ ಕಾರ್ಮಿಕರು ಎಲ್ಲಿರಬೇಕು ಎಂಬುದಕ್ಕೆ ಆ ನಾಲ್ಕು ಗಂಟೆಗಳಲ್ಲಿ ಉತ್ತರವಿರಲಿಲ್ಲ, ಜನ ಹೆದ್ದಾರಿಗಳಲ್ಲಿ ನಡೆದೇ ಊರಿಗೆ ಹೊರಟರು. ಮೇ ಮೊದಲ ವಾರದಲ್ಲಿ ಕಟ್ಟಡ ನಿರ್ಮಾಣಗಾರರೊಡನೆ ಸಭೆ ನಡೆದ ಬೆನ್ನಿಗೆ ಕರ್ನಾಟಕ ಸರ್ಕಾರ ಕಾರ್ಮಿಕರನ್ನು ಊರಿಗೆ ಒಯ್ಯಬೇಕಿದ್ದ ವಿಶೇಷ ರೈಲುಗಳನ್ನೇ ರದ್ದುಪಡಿಸಿ, ಟೀಕೆ ಬಂದ ಮೇಲೆ ಆ ನಿರ್ಧಾರವನ್ನು ಹಿಂತೆಗೆದುಕೊಂಡಿತು. ರೋಗದ ಲೆಕ್ಕದಲ್ಲಿ ಸರಿಯಾಗಿದ್ದ ವೇಳೆ ಅನ್ನದ ಲೆಕ್ಕದಲ್ಲಿ ಕ್ರೂರವಾಯಿತು, ಮತ್ತು ಬೇಗ ಎನ್ನುವವರು ಈ ಎರಡನೇ ಲೆಕ್ಕವನ್ನು ಮೊದಲನೆಯದರಷ್ಟೇ ಶ್ರದ್ಧೆಯಿಂದ ಮಾಡದಿದ್ದರೆ ಅವರ ವಾದ ಅರ್ಧ ವಾದವೇ.

ಬ್ರಿಟನ್ನಿನಲ್ಲಿ ಮಾರ್ಚ್‌ನ ವಿಳಂಬದ ಕಥೆ ಆರು ತಿಂಗಳ ಬಳಿಕ ಮರುಕಳಿಸಿತು. ಸೆಪ್ಟೆಂಬರ್ 21ರಂದು ಸೇಜ್ ಗುಂಪು ಸೋಂಕಿನ ಸರಪಳಿ ತುಂಡರಿಸಲು ಅಲ್ಪಾವಧಿಯ ಲಾಕ್‌ಡೌನನ್ನು ಕೂಡಲೇ ಪರಿಗಣಿಸಬೇಕೆಂದಿತು. ಇಂಗ್ಲೆಂಡಿನ ಎರಡನೇ ಲಾಕ್‌ಡೌನ್ ಜಾರಿಗೆ ಬಂದದ್ದು ನವೆಂಬರ್ 5ರಂದು, ನಾಲ್ಕು ವಾರಗಳ ಅವಧಿಗೆ. ಈ ಸಲ ದ್ವಿಗುಣ ಅವಧಿ ಗೊತ್ತಿತ್ತು, ಪರೀಕ್ಷೆ ನಡೆಯುತ್ತಿತ್ತು, ಇಟಲಿಯ ಉದಾಹರಣೆಯ ಜೊತೆಗೆ ಸ್ವಂತ ಮಾರ್ಚ್‌ನ ಅನುಭವವೂ ಇತ್ತು. ಮೊದಲ ಸಲದ ವಿಳಂಬಕ್ಕೆ ಮಾಹಿತಿಯ ಕೊರತೆಯನ್ನು ಕಾರಣವಾಗಿ ಹೇಳಬಹುದಾದರೆ ಎರಡನೆಯದಕ್ಕೆ ಆ ಕಾರಣವೂ ಉಳಿಯುವುದಿಲ್ಲ.

ಮಾಹಿತಿಯ ಕೊರತೆಯನ್ನಾದರೂ ನೀಗುವ ದಾರಿಗಳು ಈಗ ಹೆಚ್ಚಿವೆ. ಸೋಂಕಿತರ ಮಲದಲ್ಲಿ ವೈರಸ್‌ನ ಅಂಶ ಲಕ್ಷಣಗಳು ತೋರುವ ಮೊದಲೇ ಸೇರತೊಡಗುವುದರಿಂದ, ಒಳಚರಂಡಿ ನೀರಿನ ಮಾದರಿಗಳನ್ನು ನಿಯಮಿತವಾಗಿ ಪರೀಕ್ಷಿಸಿದರೆ ಸೋಂಕಿನ ಏರಿಕೆ ಆಸ್ಪತ್ರೆಗಳ ದಾಖಲಾತಿಗಿಂತ ಮುಂಚೆ ಕಾಣುತ್ತದೆ. ಯಾರೂ ಪರೀಕ್ಷೆಗೆ ಬರಬೇಕಾಗಿಲ್ಲ, ಬಡಾವಣೆಯೊಂದರ ಸ್ಥಿತಿ ಒಂದೇ ಸೀಸೆಯಲ್ಲಿ ಸಿಗುತ್ತದೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳು ಕೋವಿಡ್ ಕಾಲದಲ್ಲಿ ನಗರದ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಇಂಥ ಮಾದರಿಗಳನ್ನು ಸಂಗ್ರಹಿಸಿ ಹೊಸ ರೂಪಾಂತರಿಗಳ ಜಾಡು ಹಿಡಿದಿವೆ. ಮೂರು ವಾರ ಹಳತಾದ ಸಾವಿನ ಅಂಕಿಯ ಬದಲಿಗೆ ಕೆಲವೇ ದಿನ ಹಳೆಯ ಅಂಕಿ ಹೀಗೆ ಮೇಜಿನ ಮೇಲೆ ಬರುತ್ತದೆ. ಆ ಅಂಕಿ ಎಷ್ಟು ಏರಿದಾಗ ಯಾವ ನಿರ್ಬಂಧ, ಆಗ ಕೂಲಿ ಕಳೆದುಕೊಳ್ಳುವವರಿಗೆ ಎಷ್ಟು ಪಡಿತರ, ಎಷ್ಟು ಹಣ ಎಂಬುದನ್ನು ಸೋಂಕಿಲ್ಲದ ದಿನಗಳಲ್ಲೇ ಶಾಸನಸಭೆಯಲ್ಲಿ ಚರ್ಚಿಸಿ ಬರೆದಿಡುವ ಕೆಲಸ ಇನ್ನೂ ಆಗಬೇಕಿದೆ.